ಹೊಳೆಯ ತಳದ ಒಕ್ಕಲು

ಮೂಡುಬಿದಿರೆಗೆ ಹೋದವರು ಸಾವಿರ ಕಂಬದ ಬಸದಿಯನ್ನು ನೋಡದೆ ಹಿಂದಿರುಗುವುದಿಲ್ಲ. 1430ರ ಆ ಬಸದಿಯ ಕಂಬಗಳಲ್ಲಿ ಒಂದರಂತೆ ಇನ್ನೊಂದಿಲ್ಲವೆಂದು ಊರವರು ಹೇಳುವ ಮಾತನ್ನು ಪರೀಕ್ಷಿಸುತ್ತ ಅರ್ಧ ದಿನ ಕಳೆದವರೂ ಉಂಟು. ಕಳೆದ ಬೇಸಗೆಯಲ್ಲಿ ನಾವು ಅಲ್ಲಿ ಬಸ್ಸಿನಿಂದ ಇಳಿದದ್ದು ಮಾತ್ರ ಕೆರೆಯ ಕೆಸರನ್ನು ನೋಡುವುದಕ್ಕೆ. ಹೋಟೆಲಿನಲ್ಲಿ ಬಿಸಿ ಬನ್ಸು ತಿಂದು, ಪಂಚೆಯನ್ನು ಮೇಲೆತ್ತಿ ಕಟ್ಟಿ, ಬುಟ್ಟಿ ಹಿಡಿದು ಹೊರಟ ಇಬ್ಬರು ವಯಸ್ಸಾದವರನ್ನು ಕಂಡು ಶಾಲೆಯ ಹುಡುಗರು ನಕ್ಕದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ಯಾತ್ರೆಗೆ ಕಾರಣ ಒಂದು ಚಿಪ್ಪು. ಬಂಟ್ವಾಳದ ಬಳಿ ನೇತ್ರಾವತಿಯ ದಂಡೆಯ ಮೇಲೆ ನನ್ನ ಸೋದರತ್ತೆಯ ಮನೆ. ಆಕೆಯ ಅಡುಗೆಮನೆಯ ಕಿಟಕಿಯಲ್ಲಿ ಅಂಗೈಯಗಲದ ಕಪ್ಪೆಚಿಪ್ಪೊಂದು ಯಾವಾಗಲೂ ಇರುತ್ತಿತ್ತು. ಉಬ್ಬಿದ ಬೆನ್ನನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ನಡುವೆ ತೂತು ಮಾಡಿ, ಆ ತೂತಿನ ಅಂಚಿನಿಂದ ಅತ್ತೆ ಮಾವಿನಕಾಯಿಯ ಸಿಪ್ಪೆಯನ್ನು ಸರಸರನೆ ಹೆರೆಯುತ್ತಿದ್ದಳು. ಪೇಟೆಯಿಂದ ತಂದ ಹೆರೆಯುವ ಸಾಧನಗಳು ಬಂದವು, ತುಕ್ಕು ಹಿಡಿದವು, ಹೋದವು, ಚಿಪ್ಪು ಉಳಿಯಿತು. ಆಕೆ ತೀರಿಕೊಂಡ ಮೇಲೆ ಸಾಮಾನುಗಳನ್ನು ಹಂಚುವಾಗ ಅದು ನನ್ನ ಪಾಲಿಗೆ ಬಂತು. ಬೇರೆ ಯಾರಿಗೂ ಬೇಕಾಗಿರಲಿಲ್ಲ. ಒಳಮೈಯಲ್ಲಿ ಇನ್ನೂ ಮುತ್ತಿನ ಹೊಳಪು. ಇಂಥದು ಈಗ ನಮ್ಮ ಹೊಳೆಯಲ್ಲಿ ಸಿಗುವುದೇ ಎಂದು ಅತ್ತೆಯ ಮೊಮ್ಮಕ್ಕಳನ್ನು ಕೇಳಿದೆ. ಅವರು ಅದನ್ನು ಸಮುದ್ರದ ವಸ್ತುವೆಂದು ತಿಳಿದಿದ್ದರು.

ಪ್ರಾಣಿಶಾಸ್ತ್ರದ ಅಧ್ಯಾಪಕರಾಗಿ ನಿವೃತ್ತರಾದ ನನ್ನ ಸ್ನೇಹಿತರೊಬ್ಬರಿಗೆ ಈ ಸಂಗತಿಯನ್ನು ಬರೆದಾಗ ಅವರ ಉತ್ತರ ಮರುದಿನವೇ ಬಂತು: "ಮಾರಾಯರೆ, ನೀವು ಕೇಳಿದ ಪ್ರಶ್ನೆಯನ್ನು ಹತ್ತು ವರ್ಷಕ್ಕೊಮ್ಮೆ ಕೇಳಬೇಕೆಂದು ಲೋಕದ ವಿಜ್ಞಾನಿಗಳೇ ನಿಯಮ ಮಾಡಿಕೊಂಡಿದ್ದಾರೆ. ಹೊರಡಿ, ನಾವೂ ಹೋಗಿ ಕೇಳೋಣ." ಮೂಡುಬಿದಿರೆಯಿಂದ ಆರಂಭಿಸಿ, ಬೆಳ್ತಂಗಡಿಯ ಹೊಳೆಗಳನ್ನು ನೋಡಿ, ಕೊನೆಗೆ ಅತ್ತೆಯ ಮನೆಯ ಹಿಂದಿನ ನೇತ್ರಾವತಿಗೆ ಇಳಿಯುವುದೆಂದು ತೀರ್ಮಾನವಾಯಿತು.

ಕಪ್ಪೆಚಿಪ್ಪಿಗೂ ಕಪ್ಪೆಗೂ ಯಾವ ನಂಟೂ ಇಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಮೇಲು. ಕರಾವಳಿಯವರು ಬಾಯಿ ಚಪ್ಪರಿಸುವ ಮರುವಾಯಿ, ಪಚ್ಚಿಲೆಗಳ ದೂರದ ಬಂಧು ಇದು. ಅವು ಕಡಲಿನವು, ಅಳಿವೆಯವು, ಇದು ಸಿಹಿನೀರಿನದು. ಎರಡು ಚಿಪ್ಪುಗಳ ನಡುವೆ ಮೆತ್ತನೆಯ ಮೈ, ಕೆಸರಿನಲ್ಲಿ ಹೂತುಕೊಳ್ಳಲು ನಾಲಗೆಯಂಥ ಒಂದು ಕಾಲು, ನೀರನ್ನು ಒಳಗೆಳೆದು ಹೊರಬಿಡಲು ಎರಡು ಕಿಂಡಿ — ಸಂಸಾರವೆಲ್ಲ ಇಷ್ಟೇ. ಒಳಗೆಳೆದ ನೀರಿನಿಂದ ಪಾಚಿಯ ಕಣಗಳನ್ನೂ ಕೊಳೆಯನ್ನೂ ಸೋಸಿಕೊಂಡು ತಿಳಿನೀರನ್ನು ಹೊರಗೆ ಬಿಡುತ್ತದೆ. ದೊಡ್ಡದೊಂದು ಕಪ್ಪೆಚಿಪ್ಪು ದಿನಕ್ಕೆ ಹತ್ತಾರು ಲೀಟರು ನೀರನ್ನು ಹೀಗೆ ಸೋಸಬಲ್ಲದು.

ಮೂಡುಬಿದಿರೆಯಲ್ಲಿ ಹದಿನೆಂಟು ಬಸದಿಗಳಂತೆ ಹದಿನೆಂಟು ಕೆರೆಗಳೂ ಇದ್ದುವೆಂದು ಹಿರಿಯರು ಹೇಳುತ್ತಾರೆ. ಊರಂಚಿನ ಸಣ್ಣ ಕೆರೆಯೊಂದರಲ್ಲಿ ಮೊಣಕಾಲಾಳಕ್ಕೆ ಇಳಿದು ಬೆರಳುಗಳಿಂದ ಕೆಸರನ್ನು ಬಾಚಿದಾಗ ಹತ್ತು ನಿಮಿಷದಲ್ಲಿ ನಾಲ್ಕು ಸಿಕ್ಕವು. ಕಂದುಹಸಿರಿನ ನೀಳವಾದ ಚಿಪ್ಪು. ನನಗೆ ಹಿಗ್ಗಾಯಿತು, ಸ್ನೇಹಿತರು ತಲೆಯಲ್ಲಾಡಿಸಿದರು. "ಇದು ಲ್ಯಾಮೆಲಿಡೆನ್ಸ್ ಮಾರ್ಜಿನಾಲಿಸ್. ಕೆರೆ, ಕಟ್ಟೆ, ಗದ್ದೆಯ ಹೊಂಡ, ಎಲ್ಲಿ ಬಿಟ್ಟರೂ ಬಾಳುತ್ತದೆ. ಭುವನೇಶ್ವರದ ಸಿಹಿನೀರಿನ ಮೀನು ಸಂಶೋಧನಾ ಸಂಸ್ಥೆಯವರು ಮುತ್ತು ಬೆಳೆಸುವುದಕ್ಕೆ ಆರಿಸಿಕೊಂಡದ್ದೂ ಇದನ್ನೇ. ಇದರ ಚಿಂತೆ ನಮಗೆ ಬೇಡ. ನಿಮ್ಮ ಅತ್ತೆಯ ಚಿಪ್ಪು ದಪ್ಪ, ದುಂಡು. ಅದು ಹರಿಯುವ ನೀರಿನದು." ಕೆರೆಯವನ್ನು ಕೆರೆಗೆ ಬಿಟ್ಟು ಬಸ್ಸು ಹತ್ತಿದೆವು.

ವೇಣೂರಿನಲ್ಲಿ ಫಲ್ಗುಣಿ ಹೊಳೆಯ ದಂಡೆಗೆ ಹತ್ತಿರವೇ, 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ ಗೊಮ್ಮಟಮೂರ್ತಿ ಇದೆ. ಸುಮಾರು ಮೂವತ್ತೈದು ಅಡಿ ಎತ್ತರದ ಆ ಸ್ವಾಮಿಯ ದರ್ಶನ ಮಾಡಿ ಹೊಳೆಗಿಳಿದೆವು. ಬೇಸಗೆಯ ಹೊಳೆ ಅಲ್ಲಲ್ಲಿ ಗುಂಡಿಗಳಾಗಿ ನಿಂತಿತ್ತು. ಬಂಡೆಗಳ ನಡುವಿನ ಜಲ್ಲಿಮರಳಿನಲ್ಲಿ ಅಂತೂ ದಪ್ಪ ಚಿಪ್ಪಿನವು ದೊರೆತವು, ಎಲ್ಲ ಸೇರಿ ಒಂಬತ್ತು. ಅತ್ತೆಯ ಚಿಪ್ಪನ್ನು ಜೋಳಿಗೆಯಿಂದ ತೆಗೆದು ಪಕ್ಕದಲ್ಲಿಟ್ಟು ನೋಡಿದೆ: ಅದೇ ವಂಶ! ಸ್ನೇಹಿತರು ಅಳತೆಪಟ್ಟಿ ಹಿಡಿದು ಒಂದೊಂದನ್ನೂ ಅಳೆದು ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಇನ್ನೊಂದು ಗಂಟೆ ಮರಳನ್ನು ಜರಡಿಯಾಡಿದರು. ಏಕೆಂದು ಕೇಳಿದೆ.

"ಇವೆಲ್ಲ ಮುದುಕರು," ಎಂದರು ಅವರು. "ಚಿಪ್ಪಿನ ಮೇಲಿನ ಗೆರೆಗಳನ್ನು ನೋಡಿ. ನಾನು ಹುಡುಕುವುದು ಉಗುರಿನಷ್ಟು ದೊಡ್ಡ ಮಕ್ಕಳನ್ನು. ಇಲ್ಲಿನ ಎಷ್ಟೋ ದೊಡ್ಡ ಮನೆಗಳಲ್ಲಿ ಮಕ್ಕಳೆಲ್ಲ ಮುಂಬಯಿಗೋ ದುಬಾಯಿಗೋ ಹೋಗಿ ಮುದುಕರಿಬ್ಬರು ಮಾತ್ರ ಉಳಿದಿರುತ್ತಾರಲ್ಲ? ಹೊರಗಿನಿಂದ ನೋಡಿದರೆ ಮನೆಯಲ್ಲಿ ದೀಪ ಉರಿಯುತ್ತದೆ. ಹೊಳೆಯೂ ಹಾಗೆಯೇ. ಕಪ್ಪೆಚಿಪ್ಪು ಹಲವು ವರ್ಷ ಬದುಕುವ ಪ್ರಾಣಿ. ಯೂರೋಪಿನ ಮುತ್ತಿನ ಚಿಪ್ಪಂತೂ ನೂರು ವರ್ಷ ದಾಟುತ್ತದೆ. ಆದುದರಿಂದ ಸಂತಾನ ನಿಂತು ಎಷ್ಟೋ ಕಾಲವಾದ ಮೇಲೂ ಹೊಳೆಯಲ್ಲಿ ಕಪ್ಪೆಚಿಪ್ಪು 'ಇದೆ' ಎಂದೇ ನಾವು ಹೇಳುತ್ತಿರುತ್ತೇವೆ." ತುಸು ತಡೆದು, "ಒಂದು ಮಧ್ಯಾಹ್ನ ಹುಡುಕಿ ತೀರ್ಪು ಕೊಡಬಾರದು ಅನ್ನಿ. ಮರಿಗಳು ಕಣ್ಣಿಗೆ ಬೀಳುವುದೇ ಕಷ್ಟ," ಎಂದು ಸೇರಿಸಿದರು.

ಮಕ್ಕಳೇಕೆ ಆಗುವುದಿಲ್ಲ? ಬೆಳ್ತಂಗಡಿಗೆ ಹೋಗುವ ದಾರಿಯುದ್ದಕ್ಕೂ ಅವರು ಹೇಳಿದ ಕಥೆ ಯಾವ ಧಾರಾವಾಹಿಗೂ ಕಡಮೆಯದಲ್ಲ. ಹೆಣ್ಣು ಕಪ್ಪೆಚಿಪ್ಪು ತನ್ನ ಕಿವಿರುಗಳ ಒಳಗೇ ಮರಿಗಳನ್ನು ಪೋಷಿಸುತ್ತದೆ. ಸಾಸಿವೆಗಿಂತ ಎಷ್ಟೋ ಸಣ್ಣವಾದ ಆ ಮರಿಗಳಿಗೆ ಗ್ಲೊಕಿಡಿಯಮ್ ಎಂದು ಶಾಸ್ತ್ರದ ಹೆಸರು. ಹೊರಬಿದ್ದ ಮರಿ ನೇರವಾಗಿ ಕಪ್ಪೆಚಿಪ್ಪಾಗಲಾರದು. ಯಾವುದಾದರೂ ಮೀನು ಹತ್ತಿರ ಬಂದಾಗ ಅದರ ಕಿವಿರನ್ನೋ ಈಜುರೆಕ್ಕೆಯನ್ನೋ ಕಚ್ಚಿ ಹಿಡಿಯಬೇಕು. ಯಾವುದಾದರೂ ಎಂದರೂ ನಡೆಯದು. ಅನೇಕ ಜಾತಿಗಳಿಗೆ ತಮ್ಮದೇ ಆದ ಗೊತ್ತಾದ ಮೀನು ಬೇಕು. ಮೀನಿನ ಚರ್ಮ ಮರಿಯ ಸುತ್ತ ಬೆಳೆದು ಸಣ್ಣ ಗಂಟಾಗುತ್ತದೆ. ಅದರೊಳಗೆ ಕೆಲವು ವಾರವಿದ್ದು, ಮೈಗೂಡಿಸಿಕೊಂಡು, ಮೀನು ಹೋದಲ್ಲಿಗೆ ಹೋಗಿ, ಅಲ್ಲಿ ಕಳಚಿ ಬೀಳುತ್ತದೆ. ಬಿದ್ದಲ್ಲಿ ಒಳ್ಳೆಯ ಮರಳಿದ್ದರೆ ಬಾಳುತ್ತದೆ, ಇಲ್ಲವಾದರೆ ಸಾಯುತ್ತದೆ. ಅಮೆರಿಕದ ಕೆಲವು ತಾಯಿಚಿಪ್ಪುಗಳು ತಮ್ಮ ಮೈಯಂಚನ್ನೇ ಪುಟ್ಟ ಮೀನಿನ ಆಕಾರದಲ್ಲಿ ಬೆಳೆಸಿಕೊಂಡು, ಅದನ್ನು ಆಡಿಸಿ ದೊಡ್ಡ ಮೀನನ್ನು ಕರೆದು, ಅದು ಬಾಯಿ ಹಾಕಿದೊಡನೆ ಮರಿಗಳನ್ನು ಅದರ ಮುಖಕ್ಕೆ ಎರಚುತ್ತವೆ. ಕಣ್ಣಿಲ್ಲದ ಪ್ರಾಣಿ ತಾನೆಂದೂ ಕಾಣದ ಮೀನಿನ ಚಿತ್ರವನ್ನು ತನ್ನ ಮೈಯಲ್ಲಿ ಬರೆದುಕೊಂಡಿದೆ!

ಹೀಗೆ ಒಂದೆಡೆ ನೆಲೆನಿಂತ ಈ ಒಕ್ಕಲಿಗೆ ಮೀನೇ ಪಲ್ಲಕ್ಕಿ. ಮೀನು ಮೇಲೇರದಿದ್ದರೆ ಕಪ್ಪೆಚಿಪ್ಪಿನ ಮಕ್ಕಳೂ ಮೇಲೇರಲಾರವು. ಹಿಂದೆ ನಮ್ಮ ಕೃಷಿಕರು ಹೊಳೆಗೆ ಹಾಕುತ್ತಿದ್ದ ಮಣ್ಣುಕಲ್ಲಿನ ಕಟ್ಟ ಮೊದಲ ಮಳೆಗೇ ಕೊಚ್ಚಿಹೋಗುತ್ತಿತ್ತು, ಹತ್ತುಮೀನು ತನ್ನ ದಾರಿ ಹಿಡಿಯುತ್ತಿತ್ತು. ಹಲಗೆಯನ್ನು ಮಳೆಗಾಲಕ್ಕೆ ಸಕಾಲದಲ್ಲಿ ತೆಗೆದರೆ ಕಿಂಡಿ ಅಣೆಕಟ್ಟೂ ಅಷ್ಟೇನೂ ಕೆಟ್ಟದ್ದಲ್ಲ. ಶಾಶ್ವತವಾಗಿ ಅಡ್ಡ ನಿಂತ ಗೋಡೆಯ ಮಾತು ಬೇರೆ. ಅಮೆರಿಕದಲ್ಲಿ 2023ರಲ್ಲಿ ಸರ್ಕಾರವೇ ಎಂಟು ಜಾತಿಯ ಸಿಹಿನೀರಿನ ಕಪ್ಪೆಚಿಪ್ಪುಗಳು ಇನ್ನಿಲ್ಲವೆಂದು ಘೋಷಿಸಿತು. ಅಣೆಕಟ್ಟುಗಳೂ ಕೊಳೆನೀರೂ ಅಲ್ಲಿನ ಹೊಳೆಗಳನ್ನು ಕೆಡಿಸಿ ಬಹಳ ಕಾಲವಾಗಿತ್ತು. ಘೋಷಣೆ ತಡವಾಗಿ ಬಂತು, ಅಷ್ಟೇ.

ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಶಿಶಿಲೇಶ್ವರನ ಗುಡಿಯ ಮುಂದೆ ಕಪಿಲಾ ಹೊಳೆ ಹರಿಯುತ್ತದೆ. ಅದರ ಮೀನುಗಳು ದೇವರ ಮೀನುಗಳು, ಯಾರೂ ಹಿಡಿಯಬಾರದು. ಮೆಟ್ಟಲ ಮೇಲೆ ನಿಂತು ಅಕ್ಕಿ ಚೆಲ್ಲಿದರೆ ಮೊಳದುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ನೀರನ್ನು ಕುದಿಸಿಬಿಡುತ್ತವೆ. 1996ರಲ್ಲಿ ಯಾರೋ ಈ ಹೊಳೆಗೆ ವಿಷ ಹಾಕಿದರು. ಅಂದು ಸತ್ತ ಮೀನುಗಳಿಗಾಗಿ ಊರವರು ಕಟ್ಟಿಸಿದ ಸ್ಮಾರಕ ಇಂದೂ ಅಲ್ಲಿದೆ. ಮೀನಿಗೆ ಸ್ಮಾರಕ ಕಟ್ಟಿಸಿದ ಊರು ಇನ್ನೆಷ್ಟಿವೆಯೋ ನಾನರಿಯೆ. ಅಲ್ಲಿ ನಾವು ನೀರಿಗಿಳಿಯಲಿಲ್ಲ, ಕೆದಕಲಿಲ್ಲ, ದೇವರ ಆಸ್ತಿ. ಸ್ನೇಹಿತರು ಮಾತ್ರ ಮೀನುಗಳ ಕಿವಿರುಗಳನ್ನೇ ದಿಟ್ಟಿಸುತ್ತ ಬಹಳ ಹೊತ್ತು ಕುಳಿತಿದ್ದರು. "ಮೀನನ್ನು ಕಾಪಾಡಿದವರು ಇನ್ನೂ ಯಾರನ್ನೆಲ್ಲ ಕಾಪಾಡಿದರೆಂದು ಅವರಿಗೇ ತಿಳಿಯದು," ಎಂದರು.

ಆ ರಾತ್ರಿ ತಂಗಿದ್ದ ಮನೆಯ ಜಗಲಿಯಿಂದ ಗಡಾಯಿಕಲ್ಲಿನ ನೆತ್ತಿಯೂ ಅದರ ಹಿಂದೆ ಕುದುರೆಮುಖದ ಸಾಲೂ ಕಾಣುತ್ತಿದ್ದವು. ವರಾಹಸ್ವಾಮಿಯ ಎರಡು ಕೋರೆಗಳಿಂದ ತುಂಗೆ ಭದ್ರೆಯರೂ ಕಣ್ಣಿನಿಂದ ನೇತ್ರಾವತಿಯೂ ಹುಟ್ಟಿದರೆಂದು ಪುರಾಣ ಹೇಳುವುದು ಆ ಬೆಟ್ಟಗಳ ವಿಷಯವನ್ನೇ. ಅಕ್ಕತಂಗಿಯರಲ್ಲಿ ನೇತ್ರಾವತಿ ಪಡುವಲಿಗೆ ಇಳಿದಳು. ಉಳಿದಿಬ್ಬರು ಮೂಡಲಿಗೆ ಹೋದರು. ಸ್ನೇಹಿತರು ಪೆಟ್ಟಿಗೆಯಿಂದ ಹತ್ತಿಯಲ್ಲಿ ಸುತ್ತಿದ ಒಂದು ಹಳೆಯ ಖಾಲಿ ಚಿಪ್ಪನ್ನು ಹೊರತೆಗೆದರು. ಸೊಟ್ಟಗೆ, ಒರಟಾಗಿ, ಕಲ್ಲಿನ ಚಕ್ಕೆಯಂತಿತ್ತು. ಒಂದು ಮೂಲೆಯಲ್ಲಿ ಕೊಕ್ಕಿನಂತೆ ಚಾಚಿದ ಪುಟ್ಟ ಗುಬುಟು. ಅದು ಪ್ರಾಣಿಯ ಬಾಲ್ಯದ ಚಿಪ್ಪಂತೆ. ಮುದುಕನಾದ ಮೇಲೂ ತೊಟ್ಟಿಲನ್ನು ಬಿಡದೆ ಹೊತ್ತಿರುವವನು!

ಇದು ಸಿಹಿನೀರಿನ ಸಿಂಪಿ, ಸ್ಯೂಡೊಮುಲೇರಿಯ ಡೇಲಿಯೈ. ಭದ್ರಾ ನದಿಯಲ್ಲಿ ಡೇಲಿ ಎಂಬವರಿಗೆ ದೊರೆತ ಇದನ್ನು 1898ರಲ್ಲಿ ಲಂಡನ್ನಿನ ಇ. ಎ. ಸ್ಮಿತ್ ಎಂಬ ಪಂಡಿತರು ಲೋಕಕ್ಕೆ ಪರಿಚಯಿಸಿದರು. ಉಳಿದ ಕಪ್ಪೆಚಿಪ್ಪುಗಳಂತೆ ಇದು ಮರಳಿನಲ್ಲಿ ಹೂತುಕೊಳ್ಳುವುದಿಲ್ಲ. ಸೆಳೆತವುಳ್ಳ ನೀರಿನಲ್ಲಿ ಒಂದು ಚಿಪ್ಪನ್ನು ಬಂಡೆಗೆ ಗಾರೆ ಹಾಕಿದಂತೆ ಅಂಟಿಸಿಕೊಂಡು ಅಲ್ಲೇ ಹುಟ್ಟುಸಾವು. ಹೀಗೆ ಅಂಟಿ ಬಾಳುವ ಸಿಹಿನೀರಿನ ಚಿಪ್ಪುಗಳು ಆಫ್ರಿಕದಲ್ಲೂ ದಕ್ಷಿಣ ಅಮೆರಿಕದಲ್ಲೂ ಇರುವುದರಿಂದ ಇವೆಲ್ಲ ಒಂದೇ ಕುಟುಂಬವೆಂದು ಬಹುಕಾಲ ಎಣಿಸಿದ್ದರು. 2000ದಲ್ಲಿ ಪ್ರಕಟವಾದ ಸಂಶೋಧನೆ ಬೇರೆಯೇ ಹೇಳಿತು: ನಮ್ಮದು ನಮ್ಮ ಹೊಳೆಗಳ ಸಾಮಾನ್ಯ ಕಪ್ಪೆಚಿಪ್ಪುಗಳದೇ ಕುಲ, ಅಂಟಿಕೊಳ್ಳುವ ವಿದ್ಯೆಯನ್ನು ತಾನೇ ಸ್ವತಂತ್ರವಾಗಿ ಕಲಿತದ್ದು. ಲೋಕದಲ್ಲಿ ಸಹ್ಯಾದ್ರಿಯ ಹೊರತು ಬೇರೆಲ್ಲೂ ಇದಿಲ್ಲ.

ಇದು ಅಳಿದೇ ಹೋಯಿತೆಂದು ಒಮ್ಮೆ ಭಾವಿಸಲಾಗಿತ್ತು. ಈ ಶತಮಾನದ ಆರಂಭದಲ್ಲಿ ಉಡುಪಿಯ ವಿದ್ವಾಂಸರಾದ ಎನ್. ಎ. ಮಧ್ಯಸ್ಥರು ಅದು ಅಳಿದಿಲ್ಲವೆಂದು ವರದಿ ಮಾಡಿದರು. ಹೊಳೆಗಿಳಿದು ನೋಡುವವರೊಬ್ಬರು ಇದ್ದರು, ಆದುದರಿಂದ ಉಳಿದಿರುವುದು ತಿಳಿಯಿತು. ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು 1964ರಿಂದ ನಡೆಸಿಕೊಂಡು ಬಂದಿರುವ ಕೆಂಪು ಪಟ್ಟಿಗಾಗಿ ಸಹ್ಯಾದ್ರಿಯ ಸಿಹಿನೀರಿನ ಜೀವಿಗಳನ್ನೆಲ್ಲ ಪರಿಶೀಲಿಸಿದ ವರದಿ 2011ರಲ್ಲಿ ಹೊರಬಂತು. ಮೀನು 290, ಏರೋಪ್ಲೇನ್ ಚಿಟ್ಟೆ 171, ಜಲಸಸ್ಯ 608, ಶಂಖಚಿಪ್ಪುಗಳ ವರ್ಗದವು 77. ಒಟ್ಟು 1,146ರಲ್ಲಿ ನೂರಕ್ಕೆ ಹದಿನಾರರಷ್ಟು ಅಳಿವಿನ ಭಯದಲ್ಲಿವೆಯೆಂದು ತೀರ್ಮಾನವಾಯಿತು. ಚಿಪ್ಪುಗಳ ಭಾಗವನ್ನು ನೋಡಿಕೊಂಡವರಲ್ಲಿ ಮಧ್ಯಸ್ಥರೂ ಬೆಂಗಳೂರಿನ ಏಟ್ರೀ ಸಂಸ್ಥೆಯ ಎನ್. ಎ. ಅರವಿಂದರೂ ಇದ್ದರು. ಭದ್ರೆಯ ಸಿಂಪಿಗೆ ಅಲ್ಲಿ 'ಅಪಾಯಕ್ಕೀಡಾದುದು' ಎಂಬ ಸ್ಥಾನ ಸಿಕ್ಕಿತು. ಕೃಷ್ಣಾ ನದೀಸಮೂಹದ ಆರ್ಸಿಡಾಪ್ಸಿಸ್ ಫೂಟಿಯೈ ಎಂಬ ಕಪ್ಪೆಚಿಪ್ಪಿಗೂ ಅದೇ ಪಂಕ್ತಿ. ಅದರ ಹೆಸರಿನಲ್ಲಿರುವುದು ನಮ್ಮ ಶಿಲಾಯುಗವನ್ನು ಬೆಳಕಿಗೆ ತಂದ ಬ್ರೂಸ್ ಫೂಟರು.

ಆ ಪಂಕ್ತಿಯಲ್ಲಿ ಕೂರಿಸಲು ಲೆಕ್ಕವುಂಟು. ಪ್ರಾಣಿಯೊಂದು ನಿಜವಾಗಿ ವಾಸಿಸುವ ನೆಲೆ ಒಟ್ಟು 500 ಚದರ ಕಿಲೋಮೀಟರಿಗಿಂತ ಕಿರಿದಾಗಿ, ಅದೂ ಚೂರುಚೂರಾಗಿ, ಕುಗ್ಗುತ್ತಲೇ ಇದ್ದರೆ ಅದು ಅಪಾಯಕ್ಕೀಡಾದುದು. ಇದಕ್ಕಿಂತ ನನ್ನನ್ನು ಕಾಡಿದ್ದು ಪಟ್ಟಿಯ ಇನ್ನೊಂದು ಅಂಕಣ: 'ಮಾಹಿತಿ ಸಾಲದು'. ಅಪಾಯವಿಲ್ಲವೆಂದು ಅದರ ಅರ್ಥವಲ್ಲ, ನೋಡಿದವರಿಲ್ಲವೆಂದು ಅರ್ಥ. ಇನ್ನು ಹತ್ತು ವರ್ಷ ಕಳೆದರೆ ಯಾವ ತೀರ್ಮಾನವೂ ಹಳಸಿತೆಂದು ತಿಳಿದು ಮತ್ತೆ ಪರಿಶೀಲಿಸಬೇಕೆಂದು ಪಟ್ಟಿಯವರದೇ ನಿಯಮ. 2011ಕ್ಕೆ ಹತ್ತು ವರ್ಷ ತುಂಬಿ ಎಷ್ಟೋ ಮಳೆಗಾಲಗಳಾದವು.

ಬಂಡೆಗೆ ಅಂಟಿದವನಿಗೆ ಓಡಿಹೋಗುವ ದಾರಿಯಿಲ್ಲ. ಕುದುರೆಮುಖದ ಅದಿರಿನ ಗಣಿ ನಡೆಯುತ್ತಿದ್ದಷ್ಟು ಕಾಲ ಮಳೆಗಾಲದ ಭದ್ರೆ ಕೆಂಪು ಹೂಳನ್ನು ಹೊತ್ತು ಹರಿಯಿತು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಹೂಳು ಕುಳಿತ ಬಂಡೆಯ ಮೇಲೆ ಹೊಸ ಸಿಂಪಿಯ ಮರಿ ಅಂಟುವುದು ಹೇಗೆ? ಬೆಟ್ಟದ ಈ ಮಗ್ಗುಲಲ್ಲೂ ಹೂಳಿನ ಕಥೆಗೆ ಕೊರತೆಯಿಲ್ಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ತಪ್ಪಲಿನಲ್ಲಿ ಗುಡ್ಡಗಳು ಜರಿದು ಬೆಳ್ತಂಗಡಿಯ ಹೊಳೆಗಳು ತೋಟಗಳ ಮೇಲೆಯೇ ಮರಳನ್ನೂ ಮರಗಳನ್ನೂ ಹಾಸಿದವು. ಹೊಳೆಯ ಪಾತ್ರದೊಳಗೆ ಎಷ್ಟು ಹಾಸಿದವೆಂದು ಅಳೆದವರಾರು? ಇದರ ಜತೆಗೆ ಎತ್ತಿನಹೊಳೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಗಿ, ಪಡುವಲಿಗೆ ಇಳಿಯಬೇಕಾದ ನೀರಿನ ಒಂದು ಪಾಲು ಮೂಡಲಿಗೆ ತಿರುಗಿದೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆ ಕಡೆಯ ನೆಂಟರು ನನಗೂ ಇದ್ದಾರೆ. ಆದರೆ ನೀರಿನ ಲೆಕ್ಕ ಹಾಕಿದವರ ಕಾಗದದಲ್ಲಿ ಈ ತಳದ ಒಕ್ಕಲಿಗೆ ಒಂದು ಸಾಲಾದರೂ ಇತ್ತೇ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ.

ಮೂರನೆಯ ದಿನ ಬಂಟ್ವಾಳ. ಹೊಳೆ ಇಲ್ಲಿ ಅಗಲವಾಗಿ, ಗಂಭೀರವಾಗಿ, ಪಾಣೆಮಂಗಳೂರಿನ ಹಳೆಯ ಸೇತುವೆಯ ಕೆಳಗೆ ಹರಿಯುತ್ತದೆ. 1923ರ ಮಹಾನೆರೆಯನ್ನು ಇಲ್ಲಿಯವರು ಇಂದಿಗೂ 'ಮಾರಿ ಬೊಳ್ಳ' ಎಂದೇ ನೆನೆಯುತ್ತಾರೆ. ನೀರು ಅಟ್ಟವನ್ನು ಮುಟ್ಟಿದ ಕಥೆಯನ್ನು ಅತ್ತೆ ತನ್ನ ಅತ್ತೆಯಿಂದ ಕೇಳಿ ನಮಗೆ ಹೇಳಿದ್ದಳು. ದಾರಿಯಲ್ಲಿ ಮರಳು ತೆಗೆದಿದ್ದ ಜಾಗವೊಂದನ್ನು ನೋಡಿದೆವು. ದಂಡೆಯ ರಾಶಿಯಲ್ಲಿ ಮುರಿದ ಚಿಪ್ಪುಗಳು ಬಿಸಿಲಿಗೆ ಮಿನುಗುತ್ತಿದ್ದವು. ಅಲ್ಲಿ ನಿಂತಿದ್ದ ಕೂಲಿಯಾಳನ್ನು ಕೇಳಿದರೆ, "ಇದನ್ನು ಯಾರು ನೋಡುತ್ತಾರೆ ಅಣ್ಣ? ಮೊದಲು ಬುಟ್ಟಿಗೆ ಹತ್ತು ಬರುತ್ತಿದ್ದವು. ಈಗ ಮರಳೇ ಸರಿಯಾಗಿ ಬರುವುದಿಲ್ಲ," ಎಂದ. ಅವನ ಮೇಲೆ ತಪ್ಪು ಹೊರಿಸಲು ನನ್ನ ಮನಸ್ಸು ಒಪ್ಪಲಿಲ್ಲ. ನಾನು ಕಟ್ಟಿಸಿದ ಮನೆಯ ಗೋಡೆಯಲ್ಲೂ ಇಂಥದೇ ಯಾವುದೋ ಹೊಳೆಯ ತಳವಿದೆ.

ಅತ್ತೆಯ ಮನೆಯ ಹಿಂದೆ, ಅಡಕೆ ತೋಟ ದಾಟಿದರೆ, ಹೊಳೆಗೆ ಇಳಿಯುವ ಕಲ್ಲಿನ ಮೆಟ್ಟಲುಗಳು. ನಾನು ಚಿಕ್ಕವನಾಗಿದ್ದಾಗ ಬೇಸಗೆಯಲ್ಲಿ ಹದಿನಾಲ್ಕು ಮೆಟ್ಟಲು ಎಣಿಸಿ ಮರಳಿಗೆ ಹಾರುತ್ತಿದ್ದೆವು. ಈಗ ಐದು ಮೆಟ್ಟಲಿಗೇ ನೀರು. ಮಂಗಳೂರಿನ ನಲ್ಲಿಗಳಿಗೆ ನೀರುಣಿಸುವ ತುಂಬೆಯ ಅಣೆಕಟ್ಟಿನ ಹಿನ್ನೀರು ಇಲ್ಲಿಯವರೆಗೂ ಬಂದು ನಿಂತಿದೆ. ಹೊಳೆ ಹೊಳೆಯಾಗಿರದೆ ಕೆರೆಯಂತಾಗಿದೆ. ಸ್ನೇಹಿತರು ಕಾಲಿನಿಂದ ತಳವನ್ನು ತಡವಿ, "ಮರಳಲ್ಲ, ಕೆಸರು," ಎಂದರು. ಅತ್ತೆಯ ಮರಿಮಗ, ಹತ್ತು ವರ್ಷದವನು, ನಾವು ಬೇಡವೆಂದರೂ ಕೇಳದೆ ನಮ್ಮೊಡನೆ ನೀರಿಗಿಳಿದ.

ಒಂದೂವರೆ ಗಂಟೆ ಹುಡುಕಿದೆವು. ಕೆರೆಯ ಜಾತಿಯವು ಮೂರು ಸಿಕ್ಕವು. ಅತ್ತೆಯ ಚಿಪ್ಪಿನ ವಂಶದ್ದು ಬೇರೆ ಇಲ್ಲವೆಂದು ಮೇಲೇರುವ ಹೊತ್ತಿಗೆ ಹುಡುಗ, ಮೇಲಿನ ತೋಡು ಬಂದು ಕೂಡುವಲ್ಲಿ ಸ್ವಲ್ಪ ಸೆಳೆತವಿದ್ದ ಕಡೆಯಿಂದ, "ಅಜ್ಜ, ಇದು ನಿಮ್ಮದಾ?" ಎಂದು ಕೂಗಿದ. ದಪ್ಪನೆಯ, ದುಂಡನೆಯ ಚಿಪ್ಪು. ಬಿಗಿಯಾಗಿ ಬಾಯಿ ಮುಚ್ಚಿತ್ತು. ಅಂಚಿನಿಂದ ಅಂಚಿಗೆ ಅಳೆದರು. ದೊಡ್ಡದೇ. ಅದೊಂದೇ.

ಹುಡುಗನಿಗೆ ಅದನ್ನು ಮನೆಗೆ ಕೊಂಡುಹೋಗುವ ಆಸೆ. ನಾನು ಜೋಳಿಗೆಯಿಂದ ಮುತ್ತಜ್ಜಿಯ ಚಿಪ್ಪನ್ನು ತೆಗೆದು ಅವನ ಕೈಗೆ ಕೊಟ್ಟೆ. ತೂತಿನೊಳಗಿಂದ ಒಂದು ಕಣ್ಣಿನಲ್ಲಿ ನಮ್ಮನ್ನು ನೋಡಿ ನಕ್ಕ. ಸ್ನೇಹಿತರು ಪುಸ್ತಕದಲ್ಲಿ ದಿನ, ಜಾಗ, ನೀರಿನ ಆಳ, ಅಳತೆ ಬರೆದು, "ಕಂಡವರು" ಎಂಬಲ್ಲಿ ಅವನ ಹೆಸರನ್ನು ಕೇಳಿ ಬರೆದರು. ಆಮೇಲೆ ಹುಡುಗ ತಾನೇ ಅದನ್ನು ತೋಡಿನ ಬಾಯಲ್ಲಿ, ಸಿಕ್ಕಿದ ಜಾಗದಲ್ಲೇ, ಮರಳಿನ ಮೇಲೆ ಮಲಗಿಸಿದ. ಮೂವರೂ ಬಗ್ಗಿ ನಿಂತು ನೋಡಿದೆವು. ಬಹಳ ಹೊತ್ತು ಏನೂ ಆಗಲಿಲ್ಲ. ಬಳಿಕ ಚಿಪ್ಪು ಕೂದಲೆಳೆಯಷ್ಟು ಬಿರಿಯಿತು. ಬಿಳಿಯ ಕಾಲೊಂದು ಮೆಲ್ಲನೆ ಹೊರಬಂದು ಮರಳನ್ನು ಮುಟ್ಟಿ ನೋಡಿ, ಒಳಗಿಳಿಯತೊಡಗಿತು.